ಎರಿ ಸೀಮೆಯಲ್ಲಿ ಆಮೆಗೆ ಯಾವ ನೀರು?

ನವಲಗುಂದ, ಅಣ್ಣಿಗೇರಿ ಕಡೆಯ ಮನೆಗಳಲ್ಲಿ ನೀರು ಎರಡು ಬಗೆ. ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ. ಕುಡಿಯುವುದು ಕೆರೆಯದು, ನಲ್ಲಿಯದು ಇಲ್ಲವೇ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನದು. ಬಳಸುವುದು ಹೆಚ್ಚಾಗಿ ಬೋರಿನ ಸವುಳು ನೀರು. ಹುಬ್ಬಳ್ಳಿಯ ಅಂಗಡಿಯಿಂದ ಮಕ್ಕಳು ಆಸೆಪಟ್ಟು ತಂದ ಆಮೆಮರಿಗೆ ಇವೆರಡರಲ್ಲಿ ಯಾವುದು ಹಾಕಬೇಕು? "ಬಳಸೂ ನೀರ ಹಾಕ್ರಿ, ಆಮಿಗೇನ ಆಗ್ತದ" ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ.

ಆಮೆಗೆ ಆಗುತ್ತದೆ, ಕಾಣುವುದು ಮಾತ್ರ ತಡವಾಗಿ. ಮೀನು ಕಿವಿರಿನಿಂದ ಉಸಿರಾಡುತ್ತದೆ, ಕೆಟ್ಟ ನೀರಿನಲ್ಲಿ ಒಂದೇ ರಾತ್ರಿಗೆ ತೇಲಿಬಿಡುತ್ತದೆ. ಆಮೆ ಮೂಗು ಮೇಲೆತ್ತಿ ಶ್ವಾಸಕೋಶಕ್ಕೆ ಗಾಳಿ ಎಳೆದುಕೊಳ್ಳುವುದರಿಂದ ಹೊಲಸು ನೀರಿನಲ್ಲೂ ತಿಂಗಳುಗಟ್ಟಲೆ ತಾಳಿಕೊಂಡಿರುತ್ತದೆ. ಆಮೇಲೆ ಕಣ್ಣು ಊದುತ್ತದೆ, ಚಿಪ್ಪು ಮೆತ್ತಗಾಗುತ್ತದೆ, ಊಟ ಬಿಡುತ್ತದೆ. ಅದು ತಿನ್ನುವುದು, ಕುಡಿಯುವುದು, ಮಲ ವಿಸರ್ಜಿಸುವುದು ಎಲ್ಲವೂ ಅದೇ ತೊಟ್ಟಿಯಲ್ಲಿ. ಹಾಗಾಗಿ ಒಳ್ಳೆಯ ನೀರು ಆರಿಸುವುದು ಅರ್ಧ ಕೆಲಸ ಮಾತ್ರ. ಹಾಕಿದ ನೀರನ್ನು ಕೆಡದಂತೆ ಕಾಯುವುದು ಇನ್ನರ್ಧ, ಮತ್ತು ಆ ಅರ್ಧವೇ ಭಾರ.

ಮೊದಲು ಆಮೆ ಯಾವುದು ನೋಡಿ

ಅಂಗಡಿಗಳಲ್ಲಿ ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಹಸಿರು ಆಮೆಮರಿ ಅಮೆರಿಕದ ಮಿಸಿಸಿಪ್ಪಿ ನದಿ ಬಯಲಿನದು. ರೆಡ್ ಇಯರ್ಡ್ ಸ್ಲೈಡರ್ ಅದರ ಹೆಸರು. ಈ ಲೇಖನದ ಲೆಕ್ಕವೆಲ್ಲ ಅದಕ್ಕೆ ಸಂಬಂಧಿಸಿದ್ದು.

ನಮ್ಮ ಕೆರೆ, ಹಳ್ಳ, ಕಾಲುವೆ, ಕಲಘಟಗಿಯ ಭತ್ತದ ಗದ್ದೆಗಳಲ್ಲಿ ಸಿಗುವ ಆಮೆಗಳ ಮಾತು ಬೇರೆ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಂಗಾಲನ್ನು ಚರ್ಮದ ಮುಚ್ಚಳದೊಳಗೆ ಎಳೆದುಕೊಳ್ಳುವ ಮೆದುಚಿಪ್ಪಿನ ಕೆರೆ ಆಮೆ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಮನೆಯಲ್ಲಿಟ್ಟರೆ 3ರಿಂದ 7 ವರ್ಷ ಜೈಲು ಮತ್ತು ದಂಡ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವಾಗ ಕೆಸರಿನೊಳಗೆ ಮಲಗಿದ್ದ ಆಮೆಗಳು ಮೇಲೆ ಬರುತ್ತವೆ. ಅಂಥವನ್ನು ಅದೇ ಕೆರೆಯ ಹಸಿ ಇರುವ ಮೂಲೆಗೆ ಬಿಡಿ, ಮನೆಗೆ ತರಬೇಡಿ. ಆಮೆ ಬಿಟ್ಟರೆ ಬಾವಿಯ ನೀರು ಸ್ವಚ್ಛ ಇರುತ್ತದೆ ಎಂಬ ನಂಬಿಕೆಯಿಂದ ಹಿಡಿದು ಹಾಕುವುದೂ ಬೇಡ. ಅದು ಆಮೆಗೆ ಸೆರೆ, ಕುಡಿಯುವ ನೀರಿಗೆ ಹೊಲಸು.

ಕೆಲವು ವಿದೇಶಿ ಪ್ರಾಣಿಗಳನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ನಿಮ್ಮ ಆಮೆಗೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ನೀರಿನ ಐದು ಮೂಲಗಳು

ಬೋರಿನ ನೀರು: ಎರಿ ಭೂಮಿಯ ಕೆಳಗಿನ ನೀರಿನಲ್ಲಿ ಸುಣ್ಣ, ಉಪ್ಪು ಹೆಚ್ಚು. ಗಡಸು ನೀರು ಆಮೆಗೆ ಶತ್ರುವಲ್ಲ. ಅದರಲ್ಲಿರುವ ಸುಣ್ಣದ ಅಂಶ ನೀರಿನ ಗುಣ ದಿಢೀರನೆ ಹುಳಿಯ ಕಡೆ ಜಾರದಂತೆ ತಡೆಯುತ್ತದೆ. ತೊಂದರೆ ಇರುವುದು ಉಪ್ಪಿನಲ್ಲಿ. ಸಿಹಿನೀರಿನ ಆಮೆಯನ್ನು ಸದಾ ಸವುಳಿನಲ್ಲಿ ಇಟ್ಟರೆ ಮೈಯ ನೀರಿನಂಶ ಕಡಿಮೆಯಾಗಿ ಮೂತ್ರಪಿಂಡಕ್ಕೆ ಹೊರೆ ಬೀಳುತ್ತದೆ. ದನ ಮೂಸಿ ಹಿಂದೆ ಸರಿಯುವ ನೀರನ್ನು ಆಮೆಗೆ ಹಾಗೆಯೇ ಹಾಕಬೇಡಿ.

ಕೆರೆ ಮತ್ತು ಕಾಲುವೆಯ ನೀರು: ನವಿಲುತೀರ್ಥ ಅಣೆಕಟ್ಟಿನಿಂದ ಕಾಲುವೆಯಲ್ಲಿ ಬರುವ ಮಲಪ್ರಭೆಯ ನೀರು ಸಿಹಿ. ನಮ್ಮ ಭಾಗದ ಎಷ್ಟೋ ಕೆರೆಗಳು ತುಂಬುವುದು ಅದರಿಂದಲೇ. ಉಪ್ಪಿನ ದೃಷ್ಟಿಯಿಂದ ಇದು ಆಮೆಗೆ ಚೆನ್ನ. ಆದರೆ ಹೊಲದ ಬದಿಯ ಕಾಲುವೆಗೆ ಹತ್ತಿ, ಮೆಣಸಿನಕಾಯಿಗೆ ಹೊಡೆದ ಔಷಧಿ ತೊಳೆದು ಬರುತ್ತದೆ. ಔಷಧಿ ಹೊಡೆಯುವ ದಿನಗಳಲ್ಲಿ, ಮೊದಲ ದೊಡ್ಡ ಮಳೆಯ ನಂತರ ಕಾಲುವೆ, ಹಳ್ಳ, ಕೃಷಿಹೊಂಡದ ನೀರು ತರಬೇಡಿ. ರಾಡಿ ನೀರನ್ನು ಒಂದು ದಿನ ಕೊಡದಲ್ಲಿ ನಿಲ್ಲಿಸಿ ಮೇಲಿನ ತಿಳಿಯನ್ನಷ್ಟೇ ಬಸಿಯಿರಿ. ಪಟಿಕ ಆಡಿಸಿದ ನೀರಾದರೆ ಕೆಳಗೆ ಕೂತ ಗಷ್ಟು ತೊಟ್ಟಿಗೆ ಹೋಗಬಾರದು.

ನಲ್ಲಿ ನೀರು: ಪಂಚಾಯಿತಿಯ ಮೇಲ್ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ನಮ್ಮ ಆರೋಗ್ಯಕ್ಕೆ ಅದು ಬೇಕು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಕ್ಲೋರಿನ್ ಉಳಿದಿರಬೇಕೆಂಬುದೇ ಮಾನದಂಡ. ಇಷ್ಟು ಕ್ಲೋರಿನ್ ಆಮೆಯನ್ನು ಕೊಲ್ಲದು. ಆದರೆ ಕಣ್ಣು ಉರಿಸುತ್ತದೆ, ಫಿಲ್ಟರಿನಲ್ಲಿ ಹೊಲಸು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅಗಲ ಬಾಯಿಯ ಬುಟ್ಟಿಯಲ್ಲಿ ಹಿಡಿದು 24 ಗಂಟೆ ಬಿಸಿಲು ಗಾಳಿಗೆ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಟ್ಯಾಂಕ್ ತೊಳೆದ ದಿನ ಮೂಗಿಗೆ ಬಡಿಯುವಷ್ಟು ವಾಸನೆ ಇದ್ದರೆ ಎರಡು ದಿನ ಬಿಡಿ. ಅವಸರವಿದ್ದರೆ ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿಗಳನ್ನು ಬಾಟಲಿಯ ಮೇಲೆ ಬರೆದ ಪ್ರಮಾಣದಲ್ಲಿ ಹಾಕಬಹುದು.

ಮಳೆ ನೀರು: ಇದರಲ್ಲಿ ಉಪ್ಪಿಲ್ಲ, ಸುಣ್ಣವೂ ಇಲ್ಲ. ಒಂದೇ ಹಾಕಿದರೆ ಆಮೆಯ ಹೊಲಸು ಸೇರಿದಂತೆ ನೀರು ಬೇಗ ಹುಳಿಯಾಗುತ್ತದೆ. ಸವುಳು ನೀರಿಗೆ ಬೆರೆಸಲು ಮಾತ್ರ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮಣ್ಣಿನ ಮಾಳಿಗೆಯ ನೀರು ಬೇಡ, ತಗಡು ಇಲ್ಲವೇ ಕಾಂಕ್ರೀಟ್ ಛಾವಣಿಯದು ಹಿಡಿಯಿರಿ. ಹಂಗಾಮಿನ ಮೊದಲ ಒಂದೆರಡು ಮಳೆಗೆ ಛಾವಣಿ ತೊಳೆದುಹೋಗಲಿ. 10 ಅಡಿ ಉದ್ದ 10 ಅಡಿ ಅಗಲದ ತಗಡಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸೋರಿದ್ದು ಕಳೆದೂ ಸುಮಾರು 200 ಲೀಟರಿನ ಒಂದು ನೀಲಿ ಡ್ರಮ್ ತುಂಬುತ್ತದೆ. ಕೀಟನಾಶಕಕ್ಕೆ ಬಳಸಿದ ಡ್ರಮ್ ಎಷ್ಟು ತೊಳೆದರೂ ಈ ಕೆಲಸಕ್ಕೆ ಬಾರದು.

ಶುದ್ಧ ನೀರಿನ ಘಟಕದ ನೀರು: ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಆರ್‌ಓ ನೀರೂ ಮಳೆ ನೀರಿನಂತೆ ಖನಿಜ ಕಡಿಮೆಯಾದದ್ದು. ಒಂದೇ ಹಾಕುವುದಕ್ಕಿಂತ ಬೆರೆಸಲು ಬಳಸಿ. ಘಟಕದ ಹಿಂದಿನ ಪೈಪಿನಿಂದ ಹರಿದುಹೋಗುವ ನೀರನ್ನು ಪಾತ್ರೆ ತೊಳೆಯಲು ಒಯ್ಯುವವರಿದ್ದಾರೆ. ಬೋರಿನ ಉಪ್ಪೆಲ್ಲ ಗಟ್ಟಿಯಾಗಿ ಸೇರಿದ ನೀರದು, ಆಮೆಯ ತೊಟ್ಟಿಗೆ ಸಲ್ಲ.

ಅಳೆದು ನೋಡಿ, ಬೆರೆಸಿ

ಜಲ ಜೀವನ ಮಿಷನ್ ಅಡಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಊರಿನ ಮಹಿಳೆಯರಿಗೇ ಪರೀಕ್ಷೆ ಮಾಡಲು ತರಬೇತಿ ನೀಡುವ ವ್ಯವಸ್ಥೆ ಇದೆ. ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಪಿಎಚ್ ಎಲ್ಲವನ್ನೂ ಅದರಲ್ಲಿ ನೋಡಬಹುದು. ನಿಮ್ಮ ಬೋರಿನ ನೀರು ಪರೀಕ್ಷೆ ಆಗಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಅದು ಆಮೆಗಿಂತ ಮೊದಲು ಮನೆಮಂದಿಗೆ ಬೇಕಾದ ಮಾಹಿತಿ.

ನೀರಿನಲ್ಲಿ ಕರಗಿರುವ ಒಟ್ಟು ಲವಣವನ್ನು ಪೆನ್ನಿನಾಕಾರದ ಟಿಡಿಎಸ್ ಮೀಟರ್ ತೋರಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 500 ಮಿ.ಗ್ರಾಂ. ವರೆಗೆ ಉತ್ತಮ ಎನ್ನುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಒಪ್ಪುತ್ತದೆ. ಆಮೆಗೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 1000ದ ಒಳಗಿದ್ದರೆ ನಿಶ್ಚಿಂತೆ. ಮೇಲಿದ್ದರೆ ಬೆರೆಸಬೇಕು. ಬೋರಿನ ನೀರು 2400 ಇದೆ, ಮಳೆ ನೀರು 50 ಇದೆ ಎನ್ನಿ. ಒಂದು ಕೊಡ ಬೋರಿನದಕ್ಕೆ ಎರಡು ಕೊಡ ಮಳೆಯದು ಸೇರಿಸಿದರೆ ಸುಮಾರು 830ಕ್ಕೆ ಇಳಿಯುತ್ತದೆ. ಬೋರಿನ ಸುಣ್ಣದ ಬಲ, ಮಳೆಯ ಸಿಹಿ ಎರಡೂ ಸಿಕ್ಕ ಹಾಗಾಯಿತು. ಪಿಎಚ್ 6.5ರಿಂದ 8ರ ನಡುವೆ ಇದ್ದರೆ ಸಾಕು. ಅದನ್ನು ತಿದ್ದಲು ನಿಂಬೆಹುಳಿ, ಅಡುಗೆ ಸೋಡಾ ಹಾಕಿ ನೀರನ್ನು ಏರುಪೇರು ಮಾಡಬೇಡಿ.

ಹೊಸ ಸಿಮೆಂಟ್ ತೊಟ್ಟಿಯಿಂದ ಸುಣ್ಣ ಬಿಡುತ್ತಲೇ ಇರುತ್ತದೆ, ನೀರಿನ ಪಿಎಚ್ ಬಹಳ ಏರುತ್ತದೆ. ನೀರು ತುಂಬಿ, ಮೂರು ನಾಲ್ಕು ದಿನಕ್ಕೊಮ್ಮೆ ಚೆಲ್ಲಿ ಮತ್ತೆ ತುಂಬುತ್ತ ಮೂರು ವಾರ ಕಳೆಯಿರಿ. ಆಮೇಲೆ ಆಮೆ ಬಿಡಿ.

ಎಷ್ಟು ನೀರು ಬೇಕು?

ಚಿಪ್ಪಿನ ಉದ್ದದ ಪ್ರತಿ ಸೆಂಟಿಮೀಟರಿಗೆ ಸುಮಾರು 15 ಲೀಟರ್ ಎಂಬುದು ಸಾಕುವವರ ಲೆಕ್ಕ. 10 ಸೆಂ.ಮೀ. ಆಮೆಗೆ 150 ಲೀಟರ್. ಅಂಗಡಿಯವರು ಕೊಡುವ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ಯಾವ ವಯಸ್ಸಿನ ಆಮೆಗೂ ಸಾಲದು. ನೀರು ಹೆಚ್ಚಿದ್ದಷ್ಟೂ ಅದೇ ಹೊಲಸು ತೆಳುವಾಗುತ್ತದೆ, ಬಿಸಿ ತಂಪು ನಿಧಾನವಾಗಿ ಬದಲಾಗುತ್ತದೆ. ಆಳ ಕನಿಷ್ಠ ಚಿಪ್ಪಿನ ಅಗಲಕ್ಕಿಂತ ಹೆಚ್ಚಿರಲಿ. ಅದಕ್ಕಿಂತ ಕಡಿಮೆಯಿದ್ದರೆ ಅಂಗಾತ ಬಿದ್ದ ಆಮೆ ಹೊರಳಲಾಗದೆ ಮುಳುಗಿ ಸಾಯಬಹುದು. ಹತ್ತಿ ಕುಳಿತು ಮೈ ಪೂರ್ತಿ ಒಣಗಿಸಿಕೊಳ್ಳಲು ಒಂದು ಕಲ್ಲು ಇಲ್ಲವೇ ಹಲಗೆ ಬೇಕೇ ಬೇಕು. ನೀರು ಎಷ್ಟೇ ಚೊಕ್ಕ ಇದ್ದರೂ ಒಣಗದ ಚಿಪ್ಪಿಗೆ ಬೂಷ್ಟು ಹಿಡಿಯುತ್ತದೆ. ಕಿಟಕಿಯ ಗಾಜಿನೊಳಗಿಂದ ಬಂದ ಬಿಸಿಲಿನಲ್ಲಿ ಚಿಪ್ಪಿಗೆ ಬೇಕಾದ ನೇರಳಾತೀತ ಕಿರಣ ಬಹುಪಾಲು ಸಿಗದು. ಎಳೆಬಿಸಿಲು ನೇರವಾಗಿ ಬೀಳಲಿ.

ನೀರು ಕೆಡುವುದು ಹೇಗೆ

ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಒಳ್ಳೆಯದೇ ಇರಬೇಕೆಂದಿಲ್ಲ. ಆಮೆಯ ಮಲಮೂತ್ರ, ತಿಂದುಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಮೂರನೆಯದು ಬಹಳ ಮೆದು. ಈ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಹೊಸ ತೊಟ್ಟಿಯ ಮೊದಲ ತಿಂಗಳಲ್ಲಿ ನೀರು ಬೇಗ ಕೆಡುವುದು ಇದೇ ಕಾರಣಕ್ಕೆ. ಆ ತಿಂಗಳು ಎರಡು ದಿನಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸಿ.

ನಮ್ಮ ಭಾಗದವರು ಇನ್ನೊಂದು ಮಾತು ನೆನಪಿಡಬೇಕು. ಅಮೋನಿಯಾದ ವಿಷ ನೀರಿನ ಕ್ಷಾರದ ಜೊತೆ ಏರುತ್ತದೆ. 25 ಡಿಗ್ರಿ ತಾಪದಲ್ಲಿ ಪಿಎಚ್ 7 ಇರುವ ನೀರಿಗಿಂತ ಪಿಎಚ್ 8 ಇರುವ ನೀರಿನಲ್ಲಿ ಅಮೋನಿಯಾದ ವಿಷರೂಪ ಸುಮಾರು ಒಂಬತ್ತು ಪಟ್ಟು ಹೆಚ್ಚು. ಬಿಸಿಲು ಏರಿದರೆ ಇನ್ನೂ ಹೆಚ್ಚು. ಕ್ಷಾರದ ಬೋರಿನ ನೀರು ಬಳಸುವವರು, ಅದರಲ್ಲೂ ಬೇಸಿಗೆಯಲ್ಲಿ, ಹೊಲಸು ತೆಗೆಯುವುದನ್ನು ಒಂದು ದಿನವೂ ಮುಂದೂಡಬಾರದು. ಮೀನಿನ ಅಂಗಡಿಯ ಪರೀಕ್ಷಾ ಹನಿಗಳಿಂದ ನೋಡಿದರೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ನೈಟ್ರೇಟ್ ಲೀಟರಿಗೆ 40 ಮಿ.ಗ್ರಾಂ. ಒಳಗಿರಬೇಕು.

ಹೊಲಸಿನ ದೊಡ್ಡ ಪಾಲು ಊಟದಿಂದ ಬರುತ್ತದೆ. ಬೇರೆ ಬುಟ್ಟಿಯಲ್ಲಿ ತುಸು ನೀರು ಹಾಕಿ, ಆಮೆಯನ್ನು ಅಲ್ಲಿಟ್ಟು ಊಟ ಕೊಡಿ. ಅರ್ಧ ಗಂಟೆ ಬಿಟ್ಟು ವಾಪಸ್ ತೊಟ್ಟಿಗೆ ಬಿಡಿ. ತೊಟ್ಟಿಯ ನೀರು ಹೆಚ್ಚು ದಿನ ಬಾಳುತ್ತದೆ. ದನಕ್ಕೆ ಅಜೋಲಾ ಬೆಳೆಯುವ ಮನೆಯಾದರೆ ಒಂದು ಹಿಡಿ ಅಜೋಲಾ ಆಮೆಗೂ ಹಾಕಬಹುದು, ಅದು ಇಷ್ಟಪಟ್ಟು ತಿನ್ನುತ್ತದೆ. ಸಗಣಿ, ಗೊಬ್ಬರ ಹಾಕಿದ ಗುಂಡಿಯದಾದ್ದರಿಂದ ಎರಡು ಮೂರು ನೀರಿನಲ್ಲಿ ತೊಳೆದು ಹಾಕಿ.

ಬಕೆಟ್ ಫಿಲ್ಟರ್

ದುಬಾರಿ ಫಿಲ್ಟರ್ ಕೊಳ್ಳಲಾಗದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಮುಚ್ಚಳವಿರುವ 20 ಲೀಟರಿನ ಬಕೆಟ್, ಒಂದು ಕೂಲರ್ ಪಂಪ್, ಎರಡು ಮೀಟರ್ ಪೈಪ್ ಸಾಕು. ಬಕೆಟ್ಟಿನ ಕೆಳಬದಿಯಲ್ಲಿ ತೂತು ಕೊರೆದು ಪೈಪ್ ಕೂರಿಸಿ. ತಳಕ್ಕೆ ತೊಳೆದ ಕಡಿ, ಅದರ ಮೇಲೆ ಹೆಂಚು, ಇಟ್ಟಂಗಿಯ ಚೂರು, ಮೇಲೆ ಸ್ಪಂಜು ಹಾಕಿ. ಬಕೆಟ್ಟನ್ನು ತೊಟ್ಟಿಗಿಂತ ಎತ್ತರದಲ್ಲಿಡಿ. ಪಂಪ್ ತೊಟ್ಟಿಯ ನೀರನ್ನು ಬಕೆಟ್ಟಿನ ಮೇಲಕ್ಕೆ ಎತ್ತುತ್ತದೆ, ಅದು ಸೋಸಿ ಕೆಳಗಿಂದ ತೊಟ್ಟಿಗೆ ಮರಳುತ್ತದೆ. ಸ್ಪಂಜು ಕಸ ಹಿಡಿಯುತ್ತದೆ, ಇಟ್ಟಂಗಿ ಚೂರಿನ ಸಣ್ಣ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಬ್ಯಾಕ್ಟೀರಿಯಾ ಸತ್ತು ಮತ್ತೆ ಮೊದಲಿಂದ ಶುರು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ ಹಾಕಿ.

ಕರೆಂಟ್ ಹೋಗಿ ಪಂಪ್ ಅರ್ಧ ದಿನ ನಿಂತರೆ ಬಕೆಟ್ಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯಿಲ್ಲದೆ ಸಾಯುತ್ತ ಬರುತ್ತದೆ, ನೀರು ನಾರುತ್ತದೆ. ಕರೆಂಟ್ ಬಂದಾಗ ಆ ನೀರನ್ನು ಹೊರಗೆ ಚೆಲ್ಲಿ ಆಮೇಲೆ ಪಂಪ್ ಹಚ್ಚಿ. ತೊಟ್ಟಿಗೆ ಕೈ ಹಾಕುವ ಮುನ್ನ ಪ್ಲಗ್ ಕೀಳುವುದು ಮನೆಯ ಎಲ್ಲರಿಗೂ ರೂಢಿಯಾಗಬೇಕು.

ಫಿಲ್ಟರ್ ಇದ್ದರೆ ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ತೆಗೆದು ಹೊಸದು ಹಾಕಿ. ತಳದ ಹೊಲಸನ್ನು ಪೈಪಿನಿಂದ ಎಳೆಯಿರಿ. ಪೈಪಿಗೆ ಮೊದಲೇ ನೀರು ತುಂಬಿಕೊಂಡು ಇಳಿಬಿಡಿ, ಬಾಯಿಂದ ಹೀರಬೇಡಿ. ಫಿಲ್ಟರ್ ಇಲ್ಲದ ಚಿಕ್ಕ ಬುಟ್ಟಿಯಾದರೆ ದಿನ ಬಿಟ್ಟು ದಿನ ಪೂರ್ತಿ ಬದಲಿಸಬೇಕಾಗುತ್ತದೆ. ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಲಿ.

ಬೇಸಿಗೆ, ಮಳೆಗಾಲ, ಚಳಿಗಾಲ

ಈ ಆಮೆಗೆ ಹಿತವಾದ ನೀರಿನ ತಾಪ 24ರಿಂದ 28 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಕೆಳಗಿಟ್ಟ ಬುಟ್ಟಿಯ ನೀರು ಇದನ್ನು ಮೀರುತ್ತದೆ. ತೊಟ್ಟಿಯನ್ನು ನೆರಳಿಗೆ ಸರಿಸಿ, ಹೊರಗೆ ಒದ್ದೆ ಗೋಣಿಚೀಲ ಸುತ್ತಿ. ಬೇಸಿಗೆಯಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಅಪಾಯವಿದೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. 800 ಟಿಡಿಎಸ್ ಇರುವ 150 ಲೀಟರ್ ತೊಟ್ಟಿಯಿಂದ 50 ಲೀಟರ್ ಆರಿಹೋಗಿ, ಆ ಜಾಗಕ್ಕೆ 2400ರ ಬೋರಿನ ನೀರು ತುಂಬಿದರೆ ತೊಟ್ಟಿಯ ಉಪ್ಪು ಒಂದೇ ಸಲಕ್ಕೆ 1600 ಆಗುತ್ತದೆ. ಆರಿದ್ದನ್ನು ತುಂಬಲು ಯಾವಾಗಲೂ ಮಳೆಯ ಇಲ್ಲವೇ ಆರ್‌ಓ ನೀರನ್ನೇ ಬಳಸಿ. ಮುಂಗಾರಿನಲ್ಲಿ ಹಿಡಿದ ಡ್ರಮ್ ಈ ದಿನಗಳಿಗೆ ಮುಚ್ಚಿಡಬೇಕು, ಸೊಳ್ಳೆ ಮೊಟ್ಟೆ ಇಡದಂತೆ ಬಟ್ಟೆ ಕಟ್ಟಬೇಕು.

ಮಳೆಗಾಲದಲ್ಲಿ ಕೆರೆಯ ನೀರು ರಾಡಿಯಾಗುವುದರಿಂದ ತಿಳಿಗೊಳಿಸದೆ ಹಾಕುವಂತಿಲ್ಲ. ಕಲಘಟಗಿ ಕಡೆ ವಾರಗಟ್ಟಲೆ ಮೋಡ ಮುಚ್ಚಿ ಆಮೆಯ ಚಿಪ್ಪು ಒಣಗುವುದೇ ಇಲ್ಲ. ಅಂಥ ದಿನ ಹಲಗೆಯ ಮೇಲೆ ಒಂದು ಬಲ್ಬಿನ ಶಾಖ ಬೇಕಾಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿ ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಆಮೆ ಮಂಕಾಗಿ ಊಟ ಬಿಡುತ್ತದೆ. ಮರಿಗಳಿಗೆ ನ್ಯುಮೋನಿಯಾ ತಗಲಬಹುದು. ಅಕ್ವೇರಿಯಂ ಹೀಟರ್ ಹಾಕಿ, ಇಲ್ಲವೇ ತೊಟ್ಟಿಯನ್ನು ಒಳಮನೆಗೆ ತನ್ನಿ. ಆದರೆ ಅಡುಗೆಮನೆಯಲ್ಲಿ ಇಡಬೇಡಿ, ಆಮೆಯಿಂದ ರೋಗಾಣು ಹರಡಬಹುದು.

ಆಮೆಯ ಮೈ ಹೇಳುವ ಸುದ್ದಿ

ಚಿಪ್ಪು ಒಣಗಿದಾಗ ಕಾಣುವ ಗಟ್ಟಿ ಬಿಳಿ ಪುಡಿ ಬೋರಿನ ಸುಣ್ಣ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ತೆಳು ಹಾಳೆಯಂತೆ ಚಿಪ್ಪಿನ ಪದರ ಕಳಚುವುದೂ ಸಹಜ. ಆದರೆ ಚಿಪ್ಪಿನಲ್ಲಿ ಮೆತ್ತಗಿನ, ನಾರುವ ಗುಳಿ ಕಂಡರೆ ಅದು ಕೊಳೆರೋಗ. ಕಣ್ಣು ಊದಿ ಮುಚ್ಚಿದರೆ ನೀರು ಕೆಟ್ಟಿದೆ, ಇಲ್ಲವೇ ಆಹಾರದಲ್ಲಿ ಎ ಜೀವಸತ್ವ ಸಾಲದು. ಮೂಗಿನಿಂದ ಗುಳ್ಳೆ ಬಂದು, ಒಂದು ಮಗ್ಗುಲಿಗೆ ವಾಲಿ ತೇಲುತ್ತಿದ್ದರೆ ನ್ಯುಮೋನಿಯಾ ಇರಬಹುದು. ಅಂಥ ಆಮೆಯನ್ನು ಅಂದೇ ಪಶುವೈದ್ಯರ ಬಳಿ ಒಯ್ಯಿರಿ. ನೀರಿಗೆ ಅರಿಷಿಣ, ಡೆಟಾಲ್, ಉಪ್ಪು ಸುರಿದು ಕಾಯುತ್ತ ಕೂರಬೇಡಿ. ನೀರು ಹಸಿರಾದರೆ ಹೆದರಬೇಕಿಲ್ಲ, ಸಾಮಾನ್ಯ ಹಸಿರು ಪಾಚಿ ವಿಷವಲ್ಲ. ಬಿಸಿಲು ಹೆಚ್ಚು ಬೀಳುತ್ತಿದೆ, ನೀರು ಬದಲಿಸುವುದು ಕಡಿಮೆಯಾಗಿದೆ ಎಂದರ್ಥ.

ತೆಗೆದ ನೀರು ಎಲ್ಲಿಗೆ?

ಆಮೆ ಆರೋಗ್ಯವಾಗಿದ್ದರೂ ಅದರ ಮಲದಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮಕ್ಕಳಿಗೆ ರೋಗ ಹರಡಿದ್ದರಿಂದಲೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಆಮೆಯನ್ನೋ ತೊಟ್ಟಿಯನ್ನೋ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ದೂರ ಇದ್ದರೆ ಒಳ್ಳೆಯದು. ತೊಟ್ಟಿಯ ಕೊಡ, ಚಂಬು ಬೇರೆಯೇ ಇರಲಿ. ತೆಗೆದ ನೀರಿನಲ್ಲಿ ಗಿಡಕ್ಕೆ ಬೇಕಾದ ಸಾರಜನಕ ಇದೆ. ಹಿತ್ತಲ ತೆಂಗು, ನುಗ್ಗೆ, ದಾಸವಾಳದ ಬುಡಕ್ಕೆ ಹಾಕಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತ್ಯದ ಮಡಿಗೆ ಬೇಡ. ಬಾವಿ, ಬೋರು, ಕೆರೆಯ ದಂಡೆಗಂತೂ ಚೆಲ್ಲಲೇಬೇಡಿ.

ಆಮೆಯನ್ನೂ ಕೆರೆಗೆ ಬಿಡಬೇಡಿ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಕೆಂಪುಗಿವಿಯ ಆಮೆಯ ಹೆಸರಿದೆ. ಯುರೋಪ್ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು. ನವಲಗುಂದದ ನೀಲಮ್ಮನ ಕೆರೆಯಂಥ ಕುಡಿಯುವ ನೀರಿನ ಕೆರೆಗಾಗಲಿ, ಬೆಣ್ಣಿಹಳ್ಳಕ್ಕಾಗಲಿ ಒಂದು ಜೋಡಿ ಸೇರಿದರೆ ನಮ್ಮದೇ ಆಮೆಗಳ ಊಟಕ್ಕೆ, ಬಿಸಿಲು ಕಾಯುವ ಜಾಗಕ್ಕೆ ಪೈಪೋಟಿ ಶುರು, ಹೊಸ ರೋಗವೂ ಜೊತೆಗೆ. ಸಾಕಲಾಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಇಲ್ಲವೇ ಸಾಕಬಲ್ಲ ಇನ್ನೊಬ್ಬರಿಗೆ ಒಪ್ಪಿಸಿ.

ತರುವ ಮುನ್ನ ಒಂದು ಲೆಕ್ಕ

ಅಂಗಡಿಯಲ್ಲಿ 3–4 ಸೆಂ.ಮೀ. ಇರುವ ಮರಿ ಬೆಳೆದರೆ 25 ಸೆಂ.ಮೀ. ದಾಟಬಹುದು, ಚೆನ್ನಾಗಿ ಸಾಕಿದರೆ 20–30 ವರ್ಷ ಬದುಕುತ್ತದೆ. ಆ ಗಾತ್ರದ ಆಮೆಗೆ 375 ಲೀಟರ್ ನೀರು ಬೇಕು. ವಾರಕ್ಕೆ ಮೂರನೇ ಒಂದು ಪಾಲು ಎಂದರೆ 125 ಲೀಟರ್, ಸುಮಾರು ಹತ್ತು ಕೊಡ. ಜಲ ಜೀವನ ಮಿಷನ್ ಒಬ್ಬ ಮನುಷ್ಯನಿಗೆ ದಿನಕ್ಕೆ ಇಟ್ಟಿರುವ ಗುರಿ 55 ಲೀಟರ್. ಅಂದರೆ ಇಬ್ಬರ ಒಂದು ದಿನದ ನೀರಿಗಿಂತ ಹೆಚ್ಚು ಪ್ರತಿ ವಾರ ಆಮೆಗೆ ಹೋಗುತ್ತದೆ. ನೀರಾವರಿ ಕರದ ವಿರುದ್ಧ 1980ರಲ್ಲೂ, ನೀರಿಗಾಗಿ 2015ರಲ್ಲೂ ಬೀದಿಗಿಳಿದು ಹೋರಾಡಿದ ಸೀಮೆ ನಮ್ಮದು. ಮೇ ತಿಂಗಳಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬಂದಾಗಲೂ ಈ ಹತ್ತು ಕೊಡ ಯಾರು ಹೊರುತ್ತಾರೆ? ಹೆಚ್ಚಿನ ಮನೆಗಳಲ್ಲಿ ಹೊರುವವರು ಅವ್ವ, ಸೊಸೆ, ಮಗಳು. ಆಮೆ ತರುವ ತೀರ್ಮಾನದಲ್ಲಿ ಅವರ ಮಾತೇ ಮೊದಲು ನಡೆಯಬೇಕು.

ಮಳೆ ನೀರಿನ ಡ್ರಮ್ ಇದ್ದು, ಹೊರಲು ಕೈ ಇದ್ದು, ಇಪ್ಪತ್ತು ವರ್ಷ ನೋಡಿಕೊಳ್ಳುವ ಮನಸ್ಸಿದ್ದರೆ ಸಾಕಿ. ಇದರಲ್ಲಿ ಒಂದು ಕೂಡದಿದ್ದರೂ ಆಮೆ ಕೊಳ್ಳಬೇಡಿ. ಈಗಾಗಲೇ ತಂದಾಗಿದ್ದರೆ ಇಂದೇ ಒಂದು ಬುಟ್ಟಿ ನೀರು ಹಿಡಿದು ಬಿಸಿಲಿಗಿಡಿ, ನಾಳೆ ತೊಟ್ಟಿಯ ಮೂರನೇ ಒಂದು ಪಾಲು ಬದಲಿಸಿ.